ನಿಂಬೆಗೆ ಯಾರೂ ನೀರು ಹಾಕಿಲ್ಲ

ನಮ್ಮ ನರ್ಸರಿಯ ಹಿಂಭಾಗದಲ್ಲಿ, ಗೊಬ್ಬರದ ಮೂಟೆಗಳ ಪಕ್ಕಕ್ಕೆ, ತಗಡಿನ ಸೂರಿನ ಕೆಳಗೆ ಒಂದು ಉದ್ದನೆಯ ಮೇಜಿದೆ. ಇಪ್ಪತ್ತಾರು ವರ್ಷದಿಂದ ನಾನು ಆ ಮೇಜಿನ ಹಿಂದೆ ನಿಂತಿದ್ದೇನೆ. ಜನ ಬಾಡಿದ, ಹಳದಿಯಾದ, ಹುಳ ಹಿಡಿದ ಗಿಡಗಳನ್ನು ಎತ್ತಿಕೊಂಡು ಬಂದು ಸಾಲಾಗಿ ನಿಲ್ಲುತ್ತಾರೆ. ಎದುರಿಗೆ ನನ್ನನ್ನು ಡಾಕ್ಟ್ರಮ್ಮ ಎನ್ನುತ್ತಾರೆ, ಬೆನ್ನ ಹಿಂದೆ ಬೈಯೋ ಡಾಕ್ಟ್ರಮ್ಮ ಎನ್ನುತ್ತಾರೆ. ಎರಡೂ ನನ್ನ ಕಿವಿಗೆ ಬಿದ್ದಿವೆ, ಎರಡಕ್ಕೂ ನನ್ನ ತಕರಾರಿಲ್ಲ.

ಬೈಯದೆ ಏನು ಮಾಡಲಿ? ಒಬ್ಬಾಕೆ ಎಲೆ ಫಳಫಳ ಹೊಳೆಯಲೆಂದು ಹಾಲಿನಲ್ಲಿ ಒರೆಸಿರುತ್ತಾಳೆ. ಹಾಲು ಹುಳಿಯಾಗಿ, ಅದರ ಮೇಲೆ ಧೂಳು ಕೂತು, ಎಲೆಯೆಲ್ಲ ಅಂಟಂಟಾಗಿರುತ್ತದೆ. ಒಬ್ಬ ಮೇಷ್ಟ್ರು ಮೊಟ್ಟೆ ಚಿಪ್ಪನ್ನು ಕುಂಡದ ತುಂಬ ಸುರಿದು "ಗಿಡಕ್ಕೆ ಸುಣ್ಣ ಸಿಗುತ್ತಂತೆ" ಎನ್ನುತ್ತಾರೆ. ಆ ಚಿಪ್ಪು ಕರಗುವ ಹೊತ್ತಿಗೆ ಮೇಷ್ಟ್ರಿಗೆ ಮೊಮ್ಮಕ್ಕಳಾಗಿರುತ್ತಾರೆ. ಮಧ್ಯಾಹ್ನ ನೀರು ಹಾಕಿದರೆ ಹನಿಗಳು ಎಲೆಯನ್ನು ಸುಡುತ್ತವೆಂದು ಹೆದರಿ, ಬಾಯಾರಿ ಜೋತುಬಿದ್ದ ಗಿಡವನ್ನು ಸಂಜೆಯವರೆಗೂ ಒಣಗಿಸುವವರಿದ್ದಾರೆ. ಸೊರಗಿದ ಗಿಡಕ್ಕೆ ಶಕ್ತಿ ಬರಲಿ ಎಂದು ಮುಷ್ಟಿಗಟ್ಟಲೆ ಗೊಬ್ಬರ ಹಾಕುವವರಂತೂ ದಿನಕ್ಕೆ ನಾಲ್ಕು ಜನ. ಜ್ವರದಲ್ಲಿ ಮಲಗಿದವನ ಬಾಯಿಗೆ ಯಾರಾದರೂ ಮದುವೆ ಊಟ ತುರುಕುತ್ತಾರೆಯೇ?

ಆದರೆ ನನ್ನ ಮೇಜಿಗೆ ಬರುವ ಹತ್ತು ಗಿಡಗಳಲ್ಲಿ ಏಳು ಸಾಯುವುದು ಇದ್ಯಾವುದರಿಂದಲೂ ಅಲ್ಲ, ನೀರು ಹೆಚ್ಚಾಗಿ. ಮಣ್ಣು ಸದಾ ಒದ್ದೆಯಿದ್ದರೆ ಬೇರಿಗೆ ಗಾಳಿ ಸಿಗುವುದಿಲ್ಲ, ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರು ಕುಡಿಯಲಾರದು. ಹಾಗಾಗಿ ಗಿಡ ಬಾಡುತ್ತದೆ, ಥೇಟ್ ಬಾಯಾರಿದ ಗಿಡದ ಹಾಗೆಯೇ. ಅಯ್ಯೋ ಬಾಡಿತಲ್ಲಾ ಎಂದು ಮನೆಯವರು ಇನ್ನೊಂದು ಚೊಂಬು ಸುರಿಯುತ್ತಾರೆ. ಪ್ರೀತಿಯಿಂದಲೇ ಸುರಿಯುತ್ತಾರೆ. ಕೇಳಿದರೆ ಮಾತ್ರ ಒಬ್ಬರೂ ಒಪ್ಪುವುದಿಲ್ಲ. "ವಾರಕ್ಕೊಂದ್ಸಲ ಅಷ್ಟೇ ಡಾಕ್ಟ್ರಮ್ಮ" ಎಂದು ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳುತ್ತಾರೆ.

ಅದಕ್ಕೇ ನಾನು ಯಾರ ಮಾತಿಗೂ ಕಿವಿಗೊಡುವುದಿಲ್ಲ. ಕುಂಡವನ್ನು ಮಗುಚಿ, ತಳಕ್ಕೆ ಎರಡು ಏಟು ಕೊಟ್ಟು, ಗಿಡವನ್ನು ಮಣ್ಣಿನ ಸಮೇತ ಹೊರಗೆಳೆದು ಬೇರನ್ನು ಮೂಸುತ್ತೇನೆ. ಒಳ್ಳೆಯ ಬೇರು ಗಟ್ಟಿಯಾಗಿರುತ್ತದೆ, ಮಣ್ಣಿನ ವಾಸನೆ ಬರುತ್ತದೆ. ಕೊಳೆತ ಬೇರನ್ನು ಎರಡು ಬೆರಳಲ್ಲಿ ಹಿಡಿದೆಳೆದರೆ ಸಿಪ್ಪೆ ಕಾಲುಚೀಲದ ಹಾಗೆ ಕಳಚಿ ಬರುತ್ತದೆ, ಚರಂಡಿಯ ನಾತ ಹೊಡೆಯುತ್ತದೆ. ಅದನ್ನು ಅವರ ಮೂಗಿನ ಹತ್ತಿರ ಹಿಡಿದು, "ನೀವೇ ಕೊಂದಿದ್ದು" ಎಂದು ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ ಹೇಳುತ್ತೇನೆ. ಮನುಷ್ಯರು ಸುಳ್ಳು ಹೇಳುತ್ತಾರೆ, ಬೇರು ಹೇಳುವುದಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಆ ನಂಬಿಕೆಯನ್ನು ಮನೆಗೂ ತೆಗೆದುಕೊಂಡು ಹೋದದ್ದು ನಾನು ಮಾಡಿದ ತಪ್ಪು.

ನಮ್ಮ ಮನೆಯವರು ಪ್ಲಂಬರು. ಮೂವತ್ತೇಳು ವರ್ಷ ಊರಿನ ಅರ್ಧ ಮನೆಗಳ ನಲ್ಲಿ, ಪೈಪು, ಟ್ಯಾಂಕು ರಿಪೇರಿ ಮಾಡಿ, ಮೊಣಕಾಲು ಕೈಕೊಟ್ಟ ಮೇಲೆ ಪಾನಾ ಕೆಳಗಿಟ್ಟವರು. ಗೋಡೆಗೆ ಕಿವಿಯಿಟ್ಟು, ಒಳಗೆ ಪೈಪು ಎಲ್ಲಿ ಸೋರುತ್ತಿದೆ ಎಂದು ಬೆರಳಿಟ್ಟು ತೋರಿಸುತ್ತಿದ್ದರು. ಮಾತು ಕಡಿಮೆ, ಹಟ ಜಾಸ್ತಿ. ಕುಂಡದ ತಳಕ್ಕೆ ಜಲ್ಲಿ ಹಾಕಬೇಕೋ ಬೇಡವೋ ಎನ್ನುವುದರ ಮೇಲೆ ನಮ್ಮಿಬ್ಬರ ನಡುವೆ ನಡೆದ ಜಗಳ ಒಂದು ಸಂಸಾರಕ್ಕೆ ಸಾಕಾಗುವಷ್ಟಿತ್ತು.

"ಜಲ್ಲಿ ಹಾಕಿದ್ರೆ ನೀರು ಸರಾಗ ಇಳಿಯುತ್ತೆ ಕಣೇ. ಜೀವಮಾನ ಪೂರ್ತಿ ಚರಂಡಿ ಕಟ್ಟಿದೀನಿ, ನಂಗೆ ಹೇಳ್ಕೊಡ್ತೀಯಾ?"

"ಕುಂಡ ಚರಂಡಿ ಅಲ್ಲ ರೀ."

ಕೊನೆಗೊಂದು ದಿನ ಪಾತ್ರೆ ತೊಳೆಯುವ ಸ್ಪಂಜನ್ನು ನೀರಿನಲ್ಲಿ ಅದ್ದಿ, ತಟ್ಟೆಯಲ್ಲಿ ಜಲ್ಲಿ ಹರಡಿ, ಅದರ ಮೇಲಿಟ್ಟು ತೋರಿಸಿದೆ. ಸ್ಪಂಜು ತನ್ನ ನೀರನ್ನು ತಾನೇ ಹಿಡಿದುಕೊಂಡು ಕೂತಿತು, ಜಲ್ಲಿಗೆ ಇಳಿಯಲೇ ಇಲ್ಲ. "ಮಣ್ಣೂ ಹೀಗೇನೇ. ಜಲ್ಲಿ ಹಾಕಿದಷ್ಟೂ ಒದ್ದೆ ಮಣ್ಣು ಬೇರಿಗೆ ಹತ್ರ ಆಗುತ್ತೆ ಅಷ್ಟೇ" ಎಂದೆ. ಅವರು ಬಹಳ ಹೊತ್ತು ಬಗ್ಗಿ ನೋಡಿದರು. ಆಮೇಲೆ "ಸ್ಪಂಜಿಗೆ ಬುದ್ಧಿ ಇಲ್ಲ" ಎಂದು ಹೇಳಿ ಎದ್ದು ಹೋದರು. ಆದರೂ ಅಂದಿನಿಂದ ಜಲ್ಲಿ ಹಾಕುವುದನ್ನು ಬಿಟ್ಟರು.

ಹನ್ನೊಂದು ವರ್ಷದ ಹಿಂದೆ, ಮಗಳು ಮದುವೆಯಾಗಿ ಅವಳ ಕೋಣೆ ಖಾಲಿಯಾದ ವಾರ, ಅವರು ಚಹಾಕ್ಕೆ ಹಿಂಡಿದ ನಿಂಬೆಯ ಬೀಜವೊಂದನ್ನು ಬಾಲ್ಕನಿಯ ಡಬ್ಬಿಯಲ್ಲಿ ಊರಿದರು. "ಬೀಜದ ಗಿಡ ಕಾಯಿ ಬಿಡೋ ಹೊತ್ತಿಗೆ ನಮಗೆ ಹಲ್ಲಿರಲ್ಲ, ಕಸಿ ಮಾಡಿದ್ದು ತಂದ್ಕೊಡ್ತೀನಿ" ಎಂದೆ. "ನಂಗೇನು ಅವಸರ?" ಎಂದರು. ಡಬ್ಬಿಯಿಂದ ಸಣ್ಣ ಕುಂಡಕ್ಕೆ, ಅಲ್ಲಿಂದ ಒಂದು ಅಳತೆ ದೊಡ್ಡದಕ್ಕೆ ಗಿಡ ಬೆಳೆಯಿತು. ಹೋದ ವರ್ಷ ಏಳು ಕಾಯಿ ಬಿಟ್ಟಿತು. ಮೊದಲನೆಯದನ್ನು ಅಂಗಿಯ ತುದಿಯಲ್ಲಿ ಒರೆಸಿ ನನ್ನ ಕೈಗಿಟ್ಟು, ಕಟ್ಟಡದಲ್ಲಿದ್ದವರಿಗೆಲ್ಲ ಸುದ್ದಿ ಮುಟ್ಟಿಸಿದರು. ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಆ ಏಳು ಕಾಯಿ ಮುಗಿದ ಮೇಲೆ ಎಲೆ ಹಳದಿಯಾಗತೊಡಗಿತು. ಮಣ್ಣಿಗೆ ಬೆರಳಿಟ್ಟು ನೋಡಿದರೆ ಕೆಸರು.

"ನೀರು ಎಷ್ಟು ಸಲ ಹಾಕಿದ್ರಿ?"

"ಒಂದ್ಸಲ. ಬೆಳಿಗ್ಗೆ."

ನಾಲ್ಕು ದಿನ ಬಿಟ್ಟು ಮತ್ತೆ ಕೆಸರು, ಮತ್ತೆ ಅದೇ ಉತ್ತರ. ಮೂಗಿನ ತುದಿಯಲ್ಲೇ ಸಿಟ್ಟು ಇರುವವಳು ನಾನು. ಊರಿಗೆಲ್ಲ ಬುದ್ಧಿ ಹೇಳಿ ಬಂದರೆ ಮನೆಯಲ್ಲೇ ಈ ಕಥೆಯೇ ಎಂದು ತಲೆ ಕೆಟ್ಟುಹೋಯಿತು. ಒಂದು ಸಂಜೆ ಬ್ಯಾಗನ್ನೂ ಕೆಳಗಿಡದೆ ಬಾಲ್ಕನಿಗೆ ಹೋಗಿ ಗಿಡವನ್ನು ಕುಂಡದಿಂದ ಹೊರಗೆಳೆದೆ. ಒಂದು ಬೇರು ಕಿತ್ತು ಅವರ ಮೂಗಿಗೆ ಹಿಡಿದೆ. "ಮೂಸಿ ನೋಡಿ. ನೀವೇ ಕೊಲ್ತಿರೋದು."

"ಒಂದೇ ಸಲ ಹಾಕಿದ್ದು ಕಣೇ. ನಿನ್ನಾಣೆ."

"ಎಲ್ಲರೂ ಇದನ್ನೇ ಹೇಳೋದು."

ಅವರ ಮುಖ ಇಳಿದುಹೋಯಿತು. ನಾಲ್ಕು ಗೋಡೆಗಳ ನಡುವೆ ಮೂವತ್ತನಾಲ್ಕು ವರ್ಷ ಜೊತೆಗಿದ್ದ ಮನುಷ್ಯನನ್ನು ನಾನು ಸಾಲಿನಲ್ಲಿ ನಿಂತ ಗಿರಾಕಿಯ ಹಾಗೆ ನೋಡಿದ್ದೆ. ಆಗ ಅದು ಹೊಳೆಯಲಿಲ್ಲ. ಕೊಳೆತ ಬೇರನ್ನೆಲ್ಲ ಕತ್ತರಿಸಿ, ಹೊಸ ಮಣ್ಣು ತುಂಬಿ, ಮೂರು ದಿನ ಮಾತು ಬಿಟ್ಟೆ.

ನಾಲ್ಕನೆಯ ದಿನ ಸಂಧಾನದ ದಾರಿ ಹುಡುಕಿದೆ. ಬಾಲ್ಕನಿಯ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ದಾರದಲ್ಲಿ ಪೆನ್ಸಿಲು ಕಟ್ಟಿ, "ನೀರು ಹಾಕಿದ ಕೂಡಲೇ ಟೈಮ್ ಬರೀರಿ. ಆಗ ನಿಮ್ಮ ಮಾತು ನಂಬ್ತೀನಿ" ಎಂದೆ. ಗಿರಾಕಿಗಳಿಗೂ ಇದೇ ಉಪಾಯ ಹೇಳುತ್ತೇನೆ. ಅವರು ವಾರಕ್ಕೆ ಒಂದು ಗೀಟು ಹಾಕಿ, ಉಳಿದ ಸಲ ಕದ್ದು ನೀರು ಹಾಕುತ್ತಾರೆ. ಇವರೂ ಅಷ್ಟೇ ಮಾಡುತ್ತಾರೆ ಎಂದುಕೊಂಡು ಹೋದೆ.

ಸಂಜೆ ಬಂದು ನೋಡಿದರೆ ಹಾಳೆಯಲ್ಲಿ ಹನ್ನೊಂದು ಸಾಲು. ಅವರ ಗುಂಡಗಿನ ಅಕ್ಷರ. ಎಂಟು ಗಂಟೆ, ನಿಂಬೆಗೆ ನೀರು ಹಾಕಿದೆ. ಎಂಟೂ ನಲವತ್ತು, ನಿಂಬೆಗೆ ನೀರು ಹಾಕಿದೆ. ಒಂಬತ್ತೂ ಕಾಲು, ನಿಂಬೆಗೆ ನೀರು ಹಾಕಿದೆ. ಹೀಗೇ ಕೆಳಗೆ, ಕೆಳಗೆ. ಕೊನೆಯ ಸಾಲು ನಾಲ್ಕೂವರೆಯದು: ಬೆಳಿಗ್ಗೆಯಿಂದ ನಿಂಬೆಗೆ ಯಾರೂ ನೀರು ಹಾಕಿಲ್ಲ, ಪಾಪ. ಈಗ ಹಾಕಿದೆ.

ಸುಳ್ಳು ಹೇಳುವವರು ಹೀಗೆ ಬರೆಯುವುದಿಲ್ಲ. ಅಡುಗೆಮನೆಯಲ್ಲಿ ಅವರು ನನಗಾಗಿ ಚಹಾ ಕಾಯಿಸುತ್ತಿದ್ದರು. "ನೋಡಿದ್ಯಾ? ಇವತ್ತೂ ಒಂದೇ ಸಲ" ಎಂದು ನಗುತ್ತ ಲೋಟ ತಂದುಕೊಟ್ಟರು. ನಾನು ಹಾಳೆಯನ್ನು ಕಿತ್ತು, ಮಡಚಿ, ಬ್ಯಾಗಿಗೆ ಹಾಕಿಕೊಂಡು "ಹೂಂ, ನೋಡ್ದೆ" ಎಂದೆ. ಚಹಾಕ್ಕೆ ಸಕ್ಕರೆ ಎರಡು ಸಲ ಬಿದ್ದಿತ್ತು. ಕುಡಿದೆ.

ಮೆದುಳಿನ ಡಾಕ್ಟರು ಮರ್ಯಾದಸ್ಥರು. ಇವರ ತಲೆಯ ಸ್ಕ್ಯಾನ್ ಚಿತ್ರ ತೋರಿಸಿ, ನಿಧಾನವಾಗಿ ಬಿಡಿಸಿ ಹೇಳಿದರು. ಮರೆವನ್ನು ಮಾತ್ರೆಯಿಂದ ಸ್ವಲ್ಪ ದಿನ ಹಿಡಿದು ನಿಲ್ಲಿಸಬಹುದು, ಹೋದದ್ದು ವಾಪಸು ಬರುವುದಿಲ್ಲ ಎಂದರು. ನಾನು ನನ್ನ ಮೇಜಿನ ಹಿಂದೆ ನಿಂತು ಹೇಳುವ ಮಾತೂ ಇದೇ: ಕೊಳೆತ ಬೇರು ಮತ್ತೆ ಬೆಳ್ಳಗಾಗುವುದಿಲ್ಲ, ಉಳಿದದ್ದನ್ನು ನೋಡಿಕೊಳ್ಳಿ. ಅದೆಷ್ಟು ಜನಕ್ಕೆ ಎಷ್ಟು ಸಲೀಸಾಗಿ ಹೇಳಿದ್ದೆ! ಆ ಡಾಕ್ಟರ ಕೊರಳ ಪಟ್ಟಿ ಹಿಡಿದು ಜಗ್ಗಬೇಕು ಎನಿಸಿತು.

ಆಮೇಲೆ ನಾನು ಮಾಡಿದ್ದನ್ನು ಹೇಳಿದರೆ ನನ್ನ ಗಿರಾಕಿಗಳು ಹೊಟ್ಟೆ ಹಿಡಿದು ನಗುತ್ತಾರೆ. ಪಕ್ಕದ ಮನೆಯಾಕೆ ನೆನಪಿನ ಪುಡಿ ಎಂದು ಏನೋ ಹೇಳಿದಳು, ತರಿಸಿದೆ. ಇನ್ಯಾರೋ ತಲೆಗೆ ಹಚ್ಚುವ ಎಣ್ಣೆ ಎಂದರು, ಹಚ್ಚಿದೆ. ನೆನೆಸಿದ ಬಾದಾಮಿ, ಎಡಗೈಯಲ್ಲಿ ಬರೆಸುವುದು, ಹಿಮ್ಮುಖವಾಗಿ ಎಣಿಸುವುದು, ಯಾವುದನ್ನೂ ಬಿಡಲಿಲ್ಲ. ಅದರಿಂದ ಏನೂ ಆಗುವುದಿಲ್ಲ ಎಂದು ಗೊತ್ತಿದ್ದೂ ದಿನಾ ಬೆಳಿಗ್ಗೆ ಚಮಚದಲ್ಲಿ ಪುಡಿ ಕಲಸುತ್ತಿದ್ದೆ, ಮಗಳಿಗೂ ಹೇಳದೆ. ಅವರು ಮುಖ ಸಿಂಡರಿಸಿ ನುಂಗುತ್ತಿದ್ದರು. ಮೊಟ್ಟೆ ಚಿಪ್ಪು ಸುರಿದ ಮೇಷ್ಟ್ರ ನೆನಪಾಗಿ ನನಗೆ ನಾಚಿಕೆಯಾಯಿತು. ಕಣ್ಣೆದುರು ಒಂದು ಜೀವ ಸೊರಗುತ್ತಿದ್ದರೆ ಕೈಕಟ್ಟಿ ಕೂರಲು ಯಾರಿಂದಲೂ ಆಗುವುದಿಲ್ಲ. ಆಗ ಯಾರು ಏನು ಹೇಳಿದರೂ ಕೈ ಅದನ್ನು ಮಾಡುತ್ತದೆ.

ಗಿಡದ ವಿಷಯದಲ್ಲಾದರೂ ನನಗೆ ದಾರಿ ಗೊತ್ತಿತ್ತು. ನೀರು ಹಾಕುವವರನ್ನು ಬದಲಿಸಲಾಗದಿದ್ದರೆ ಮಣ್ಣನ್ನು ಬದಲಿಸಬೇಕು. ಪ್ಲಾಸ್ಟಿಕ್ ಕುಂಡ ತೆಗೆದು ಸುಡುಮಣ್ಣಿನ ಕುಂಡ ತಂದೆ, ತಳದ ತೂತುಗಳನ್ನು ದೊಡ್ಡದು ಮಾಡಿದೆ. ದಪ್ಪ ಮರಳು, ತೊಗಟೆ ಚೂರು, ಇದ್ದಿಲು ಹೆಚ್ಚಾಗಿ, ಮಣ್ಣು ಕಡಿಮೆಯಾಗಿ ಕಲಸಿ ತುಂಬಿದೆ. ನೀರು ಹಾಕಿದರೆ ಸರ್ರನೆ ಕೆಳಗಿಳಿಯುತ್ತಿತ್ತು. ನೀರಿನ ಡಬ್ಬಿಯನ್ನು ತೆಗೆದು ಚಿಕ್ಕ ಲೋಟ ಇಟ್ಟೆ. ಅವರನ್ನು ತಡೆಯಲು ಮಾತ್ರ ಮನಸ್ಸು ಬರಲಿಲ್ಲ. ನೀರು ಹಾಕಿ ತಿರುಗಿದಾಗ ಅವರ ಮುಖದಲ್ಲಿ ಕೆಲಸ ಮುಗಿಸಿದವರ ನೆಮ್ಮದಿ ಇರುತ್ತಿತ್ತು. ದಿನಕ್ಕೆ ಹನ್ನೊಂದು ಸಲ ನೆಮ್ಮದಿ ಸಿಗುವ ಇನ್ನೊಂದು ಕೆಲಸವನ್ನು ನಾನೆಲ್ಲಿಂದ ತರಲಿ? ಗಿಡ ಎರಡು ಸಲ ಚಿಗುರಿತು. ಆಮೇಲೆ ಹನ್ನೊಂದು ಇಪ್ಪತ್ತಾಯಿತು, ಲೋಟ ಬಿಟ್ಟು ಬಕೆಟ್ಟು ಬಂತು.

ಎರಡು ಬೀದಿ ಆಚೆಗಿರುವ ಮಗಳು ಹಗಲು ಹೊತ್ತು ಬಂದು ಅವರ ಜೊತೆ ಕೂರತೊಡಗಿದಳು. "ಅಮ್ಮ, ನೀನೇ ಕೆಲಸ ಬಿಟ್ಟು ಮನೇಲಿರಬಾರ್ದಾ?" ಎಂದು ಒಂದು ದಿನ ಕೇಳಿದಳು. ಏನೇನೋ ನೆಪ ಹೇಳಿದೆ. ನಿಜ ಹೇಳಬೇಕೆಂದರೆ ನನಗೆ ಮನೆಯಲ್ಲಿರಲು ಭಯ. ಮಾತಿನ ನಡುವೆ ಅವರು ಆಗಾಗ ನನ್ನ ಮುಖವನ್ನು ಹೊಸದಾಗಿ ನೋಡುವವರ ಹಾಗೆ ನೋಡುತ್ತಿದ್ದರು, ಆಮೇಲೆ ಸಾವರಿಸಿಕೊಳ್ಳುತ್ತಿದ್ದರು. ಒಂದು ದಿನ ಸಾವರಿಸಿಕೊಳ್ಳದಿದ್ದರೆ? ಅದೊಂದು ದಿನ ಬಾರದಿದ್ದರೆ ಸಾಕು, ಬೇರೇನು ಹೋದರೂ ಹೋಗಲಿ ಎಂದು ದಿನವೂ ಬೇಡಿಕೊಳ್ಳುತ್ತಿದ್ದೆ.

ಅದು ಬಂದದ್ದು ಒಂದು ಬೆಳಿಗ್ಗೆ, ಹನ್ನೊಂದು ಗಂಟೆಗೆ, ನನ್ನ ಮೇಜಿನ ಎದುರಿಗೇ.

ಸಾಲಿನಲ್ಲಿ ಅವರು ಮೂರನೆಯವರಾಗಿ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಮನೆಯಲ್ಲಿ ಹಾಕುವ ಚಪ್ಪಲಿ, ಎದೆಗೆ ಅವಚಿಕೊಂಡ ನಿಂಬೆಯ ಕುಂಡ. ಸೋರಿದ ನೀರಿಗೆ ಅಂಗಿಯೆಲ್ಲ ಒದ್ದೆ. ಮಗಳ ಕಣ್ಣು ತಪ್ಪಿಸಿ ಹೇಗೆ ಬಂದರು? ರಸ್ತೆ ಹೇಗೆ ದಾಟಿದರು? ಅಷ್ಟರಲ್ಲಿ ಮಗಳ ಫೋನು: "ಅಮ್ಮಾ, ಅಪ್ಪ ಕಾಣ್ತಿಲ್ಲ!" "ಇಲ್ಲಿದಾರೆ, ಗಾಬರಿಯಾಗ್ಬೇಡ" ಎಂದು ಇಟ್ಟೆ. ನನ್ನನ್ನು ನೋಡಲು ಬಂದಿದ್ದಾರೆ ಎಂದು ಒಳಗೊಳಗೇ ಒಂದು ಸಂತೋಷವೂ ಆಯಿತು. ಕೈ ಎತ್ತಿದೆ. ಅವರು ಮರ್ಯಾದೆಗೆ ತಲೆಯಾಡಿಸಿ, ಮುಂದಿದ್ದವರು ಮುಗಿಸಲೆಂದು ಕಾದರು.

ಸರದಿ ಬಂದಾಗ ಕುಂಡವನ್ನು ಮೇಜಿನ ಮೇಲೆ ಜೋಪಾನವಾಗಿ ಇಟ್ಟರು.

"ನಮಸ್ಕಾರ ಮೇಡಂ. ಸ್ವಲ್ಪ ಇದನ್ನ ನೋಡಿ. ನಮ್ಮನೆಯವಳು ಬರೋದ್ರೊಳಗೆ ಸರಿಯಾಗ್ಬೇಕು."

ತಮಾಷೆ ಮಾಡುತ್ತಿದ್ದಾರೆಯೇ ಎಂದು ಅವರ ಕಣ್ಣಲ್ಲಿ ಹುಡುಕಿದೆ. ಅಲ್ಲಿ ಗಿಡದ ಚಿಂತೆ ಬಿಟ್ಟು ಬೇರೇನೂ ಇರಲಿಲ್ಲ.

"ಅವರು ಎಲ್ಲಿಗೆ ಹೋಗಿದಾರೆ?" ಎಂದು ಕೇಳಿದೆ.

"ಕೆಲಸಕ್ಕೆ. ಸಂಜೆ ಬರ್ತಾಳೆ. ಬಂದ್ರೆ ಮೊದಲು ಗಿಡದ ಹತ್ರಾನೇ ಹೋಗೋದು, ಆಮೇಲೆ ನಾನು."

"ಬೈತಾರಾ?"

"ಬೈದೇ ಬೈತಾಳೆ" ಎಂದು ನಕ್ಕರು. "ಬೈಗುಳಕ್ಕೇನು, ರೂಢಿ ಆಗಿದೆ. ಆದ್ರೆ ಬೈದಾದ್ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಕೊಂಡು ಅಳ್ತಾಳೆ. ನಂಗೆ ಗೊತ್ತಾಗಲ್ಲ ಅಂದ್ಕೊಂಡಿದಾಳೆ. ನಾನು ಪ್ಲಂಬರು ಮೇಡಂ. ಮೈಮೇಲೆ ಬೀಳೋ ನೀರಿನ ಶಬ್ದ ಬೇರೆ, ಸುಮ್ನೆ ಹರಿದು ಹೋಗೋ ನೀರಿನ ಶಬ್ದ ಬೇರೆ."

ಕಾಯಿಲೆ ಗೊತ್ತಾದ ಈ ಎಂಟು ತಿಂಗಳಲ್ಲಿ ನಾನು ಅತ್ತದ್ದೆಲ್ಲ ಅವರು ಬಾಗಿಲ ಆಚೆ ನಿಂತು ಕೇಳಿಸಿಕೊಂಡಿದ್ದರು. ಇಷ್ಟೆಲ್ಲ ಮರೆತ ಮನುಷ್ಯ ಅದನ್ನು ಮರೆತಿರಲಿಲ್ಲ. ಏನಾದರೂ ಮಾಡಬೇಕಲ್ಲ ಎಂದು ಕುಂಡವನ್ನು ಮಗುಚಿದೆ. ಏಟು ಕೊಡುವುದೂ ಬೇಕಾಗಲಿಲ್ಲ, ಗಿಡ ತಾನಾಗಿಯೇ ಕಳಚಿ ಬಂತು. ಮೂಸುವುದೂ ಬೇಕಾಗಲಿಲ್ಲ. ಗಟ್ಟಿ ಬೇರು ಒಂದೂ ಉಳಿದಿರಲಿಲ್ಲ.

ಅವರು ಬೇರನ್ನು ನೋಡಿದರು, ನನ್ನನ್ನು ನೋಡಿದರು. "ನಾನೇ ಕೊಂದ್ನಾ?"

ಈ ಪ್ರಶ್ನೆಗೆ ನಾನು ಕೊಡುವ ಉತ್ತರ ಸಾಲಿನಲ್ಲಿದ್ದ ಹಳಬರಿಗೆಲ್ಲ ಬಾಯಿಪಾಠ.

"ಇಲ್ಲ" ಎಂದೆ. "ನೀವೇನೂ ಮಾಡಿಲ್ಲ. ಮಣ್ಣು ಸರಿಯಿಲ್ಲ. ಈ ಮಣ್ಣು ಕಲಸಿದ್ದು ಯಾರು?"

"ನಮ್ಮನೆಯವಳು."

"ಹಾಗಾದ್ರೆ ತಪ್ಪು ಅವರದ್ದು. ಅವರಿಗೆ ಮೊದಲೇ ಗೊತ್ತಾಗ್ಬೇಕಿತ್ತು, ಆಗ್ಲಿಲ್ಲ. ನಿಮ್ಮ ತಪ್ಪು ಇದ್ರಲ್ಲಿ ಎಳ್ಳಷ್ಟೂ ಇಲ್ಲ."

ಇಪ್ಪತ್ತಾರು ವರ್ಷದಲ್ಲಿ ಆ ಮೇಜಿನ ಹಿಂದೆ ನಾನು ಹೇಳಿದ ಮೊದಲ ಸುಳ್ಳು ಅದು. ಅದರಲ್ಲೂ ಅರ್ಧ ನಿಜವೇ ಇತ್ತು. ಅವರಿಗೆ ಸಮಾಧಾನವಾಗುತ್ತದೆ ಎಂದುಕೊಂಡೆ. ಅವರ ಮುಖ ಕೆಂಪಾಯಿತು.

"ಏನ್ರೀ ಹೇಳ್ತಿದೀರಾ? ಅವಳ ತಪ್ಪಾ?" ಎಂದು ಮೇಜಿನತ್ತ ಬಾಗಿದರು. "ಗಿಡದ ವಿಷಯದಲ್ಲಿ ಅವಳನ್ನ ಮೀರಿಸೋರು ಈ ಊರಲ್ಲೇ ಇಲ್ಲ, ತಿಳ್ಕೊಳ್ಳಿ. ಅವಳ ಮೇಲೆ ಹಾಕ್ತೀರಲ್ಲ, ನಿಮಗೇನ್ರೀ ಗೊತ್ತು ಅವಳ ಬಗ್ಗೆ? ಕೊಡಿ ಇಲ್ಲಿ. ನಿಮ್ಮ ಹತ್ರ ಬಂದಿದ್ದೇ ನನ್ನ ತಪ್ಪು."

ಉದುರಿದ ಮಣ್ಣನ್ನೆಲ್ಲ ಅಂಗೈಯಿಂದ ಬಾಚಿ ಕುಂಡಕ್ಕೆ ತುಂಬಿ, ಸತ್ತ ಗಿಡವನ್ನು ನೆಟ್ಟಗೆ ನಿಲ್ಲಿಸಿ, ಎತ್ತಿಕೊಂಡು ಹೊರಟರು. ನಾಲ್ಕು ಹೆಜ್ಜೆ ಹಾಕಿ ಗಿಡದ ಸಾಲುಗಳ ನಡುವೆ ನಿಂತರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಕೋಪವೆಲ್ಲ ಇಳಿದು ಹೋಯಿತು. ತಿರುಗಿ ನನ್ನ ಹತ್ತಿರವೇ ಬಂದರು.

"ಮೇಡಂ, ಬೇಜಾರು ಮಾಡ್ಕೋಬೇಡಿ. ಅವಳು ಇಂಥ ಕಡೆನೇ ಎಲ್ಲೋ ಕೆಲಸ ಮಾಡೋದು. ನಿಮಗೆ ಪರಿಚಯ ಇರ್ಬಹುದು. ಸ್ವಲ್ಪ ಕರೀತೀರಾ?"

"ಕರೀತೀನಿ. ಆ ಬೆಂಚಿನ ಮೇಲೆ ಕೂತಿರಿ."

"ಅವಸರ ಏನಿಲ್ಲ ಅಂತ ಹೇಳಿ. ಕೆಲಸ ಮುಗಿಸ್ಕೊಂಡೇ ಬರ್ಲಿ."

ಅವರು ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಗೇಟಿನ ಕಡೆ ಮುಖ ಮಾಡಿ ಕೂತರು. ಯಾವ ಹೆಂಗಸು ಒಳಗೆ ಬಂದರೂ ಅರ್ಧ ಎದ್ದು, ಮತ್ತೆ ಕೂರುತ್ತಿದ್ದರು. ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ತಮ್ಮ ಗಿಡ ಎತ್ತಿಕೊಂಡು ಹೋದರು. ನಾನು ಮಣ್ಣಿನ ಕೈ ತೊಳೆದೆ. ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದೆ, ಕೂದಲು ಸರಿಮಾಡಿಕೊಂಡೆ, ಅವರೆದುರು ಹೋಗಿ ನಿಂತೆ.

"ರೀ... ನಾನೇ. ಬಂದಿದೀನಿ."

ತಲೆಯೆತ್ತಿ ಬಹಳ ಹೊತ್ತು ನೋಡಿದರು. ಆ ನೋಟದಲ್ಲಿ ತುಂಬ ಕನಿಕರವಿತ್ತು.

"ಇಲ್ಲಮ್ಮ, ಅವಳಿನ್ನೂ ಬಂದಿಲ್ಲ" ಎಂದರು. ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. "ಅಳ್ಬೇಡಿ. ಕೂತ್ಕೊಳ್ಳಿ, ಬರ್ತಾಳೆ."

ನಾನು ಅವರ ಪಕ್ಕ ಕೂತೆ. ಇಬ್ಬರೂ ಗೇಟಿನ ಕಡೆ ನೋಡುತ್ತ ಅವಳಿಗಾಗಿ ಕಾದೆವು.